ಕೈತೋಟಕ್ಕೆ ಹೆಗ್ಗಣ ನುಗ್ಗದಂತೆ: ಮೆಶ್, ಹಿಂಡಿ, ಸೋಲಾರ್ ಕಡ್ಡಿ, ಬೋನು, ಯಾವುದಕ್ಕೆ ದುಡ್ಡು ಹಾಕಬಹುದು?

ವಿಷ ಇಡಲು ಮನಸ್ಸಿಲ್ಲ, ಆದರೆ ನೆಟ್ಟ ಗೆಣಸು, ಕೆಸು, ಸುವರ್ಣಗೆಡ್ಡೆ ಒಂದೂ ಕೈಗೆ ಬರುತ್ತಿಲ್ಲ ಎನ್ನುವವರಿಗೆ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುವ ಸಾಮಾನು ಹೆಚ್ಚುಕಮ್ಮಿ ಇಷ್ಟು: ಕಬ್ಬಿಣದ ವೆಲ್ಡ್ ಮೆಶ್ (ತಂತಿ ಬೆಸೆದು ಮಾಡಿದ ಜಾಲರಿ), ಬೇವಿನ ಹಿಂಡಿ, ಹರಳು ಹಿಂಡಿ, ಹರಳೆಣ್ಣೆ, ನೆಲಕ್ಕೆ ಚುಚ್ಚುವ ಸೋಲಾರ್ ಕಡ್ಡಿ, ಬೋನು, ಅಂಟಿನ ಹಲಗೆ. ಇವುಗಳಲ್ಲಿ ಹೆಗ್ಗಣವನ್ನು ತೋಟದಿಂದ ಹೊರಗೆ ನಿಲ್ಲಿಸುವುದು ಮೆಶ್ ಒಂದೇ. ಉಳಿದವುಗಳಲ್ಲಿ ಎರಡು ಅದಕ್ಕೆ ಜೊತೆಯಾಗಿ ಉಪಯೋಗಕ್ಕೆ ಬರುತ್ತವೆ, ಎರಡನ್ನು ಕೊಳ್ಳಲೇಬಾರದು. ಯಾಕೆ ಹಾಗೆ, ಯಾವ ಮೆಶ್ ಕೊಳ್ಳಬೇಕು, ಹೇಗೆ ಹೂಳಬೇಕು ಎಂಬುದರಲ್ಲೇ ವಿಷಯವೆಲ್ಲ ಇರುವುದರಿಂದ ಈ ವಿಮರ್ಶೆಯಲ್ಲೂ ಅದಕ್ಕೇ ಹೆಚ್ಚು ಜಾಗ.

ಮೊದಲು, ತೋಡುತ್ತಿರುವುದು ಯಾರು ಎಂದು ಗೊತ್ತಾಗಬೇಕು. ನಮ್ಮ ಊರುಗಳ ಹಿತ್ತಲಲ್ಲಿ ಬಿಲ ಮಾಡುವುದು ಮುಖ್ಯವಾಗಿ ಎರಡು ಬಗೆಯ ಹೆಗ್ಗಣ. ದೊಡ್ಡದು ಬ್ಯಾಂಡಿಕೋಟಾ ಇಂಡಿಕಾ. ಚೆನ್ನಾಗಿ ಬೆಳೆದದ್ದು ಒಂದು ಕಿಲೋ ಹತ್ತಿರ ತೂಗುತ್ತದೆ. ಚರಂಡಿ, ಖಾಲಿ ಸೈಟು, ಕಾಂಪೌಂಡಿನ ಬುಡ ಇದರ ಜಾಗ. ಚಿಕ್ಕದು ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್. ಗದ್ದೆಯ ಬದುವಿನಲ್ಲಿ ಬಿಲ ಮಾಡಿ ಭತ್ತದ ತೆನೆ ಒಳಗೆ ಎಳೆದು ಕೂಡಿಡುವುದು ಇದೇ. ಗದ್ದೆ ಕೊಯ್ಲಾದ ಮೇಲೆ ಪಕ್ಕದ ತೋಟಗಳಿಗೆ ಇದು ನುಗ್ಗುವುದು ಸಾಮಾನ್ಯ. ಎರಡೂ ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಹಾಕುತ್ತವೆ. ಉದ್ದ ಮೂತಿಯ, ಕೀಚಲು ದನಿಯ, ಕೆಟ್ಟ ವಾಸನೆಯ ಸುಂಡಿಲಿ ಬೇರೆ ಪ್ರಾಣಿ. ಅದು ತಿನ್ನುವುದು ಹುಳ, ಜಿರಲೆ. ಗೆಡ್ಡೆಯ ತಂಟೆಗೆ ಹೋಗುವುದಿಲ್ಲ. ಅದನ್ನು ಓಡಿಸಲು ಏನೂ ಕೊಳ್ಳಬೇಕಾಗಿಲ್ಲ. ಕರಾವಳಿಯಲ್ಲಿ ತೋಡಿನ ಪಕ್ಕ ಏಡಿ ಮಾಡುವ ಗುಂಡನೆಯ ತೂತು, ಅದರ ಸುತ್ತ ಹಸಿ ಮಣ್ಣಿನ ಉಂಡೆ ಕಂಡರೂ ಇಲಿಯ ಲೆಕ್ಕಕ್ಕೆ ಹಾಕಬೇಡಿ.

ಬಿಲದಲ್ಲಿ ಪ್ರಾಣಿ ಇದೆಯೋ ಇಲ್ಲವೋ ತಿಳಿಯಲು ಸಂಜೆ ಎಲ್ಲ ಬಾಯಿಗೂ ಮಣ್ಣು ಮುಚ್ಚಿ, ಬೆಳಗ್ಗೆ ಯಾವುದು ತೆರೆದಿದೆ ನೋಡುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಚಿಕ್ಕ ಹೆಗ್ಗಣದ ವಿಷಯದಲ್ಲಿ ಇದು ದಾರಿ ತಪ್ಪಿಸುತ್ತದೆ. ಅದು ಒಳಗಿದ್ದಾಗ ತಾನೇ ಸಡಿಲ ಮಣ್ಣಿನಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ಮಣ್ಣಿನ ಗುಡ್ಡೆ ಕಾಣುತ್ತದೆ, ತೂತು ಕಾಣುವುದಿಲ್ಲ. ಅಂಥ ಕಡೆ ಕೋಲಿನಿಂದ ಬಾಯಿ ಬಿಡಿಸಿಡಿ. ಬೆಳಗ್ಗೆ ಮತ್ತೆ ಮುಚ್ಚಿದ್ದರೆ ಒಳಗೆ ಪ್ರಾಣಿ ಇದೆ. ಬಿಲದೊಳಗೆ ಕೈ ಮಾತ್ರ ಹಾಕಬಾರದು. ಇಲಿ ಬಿಟ್ಟ ಬಿಲದಲ್ಲಿ ನಾಗರಹಾವು ಸೇರಿಕೊಳ್ಳುವುದುಂಟು.

ವೆಲ್ಡ್ ಮೆಶ್

ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಇಲಿಗೆ ಮೆಶ್ ಕೊಡಿ" ಎಂದರೆ ಬಹಳ ಕಡೆ ಷಟ್ಕೋನದ ತೂತಿನ ಕೋಳಿ ಜಾಲರಿ ಬಿಚ್ಚಿ ತೋರಿಸುತ್ತಾರೆ. ಅದು ಬೇಡ. ಅದರ ತಂತಿ ತೆಳು, ಹೆಣೆದದ್ದೇ ಹೊರತು ಬೆಸೆದದ್ದಲ್ಲ. ಹೆಗ್ಗಣ ಮೂತಿ ತೂರಿಸಿ ಅಗಲಿಸುತ್ತದೆ, ಮರಿಗಳು ಹಾಗೇ ದಾಟುತ್ತವೆ. ಹಸಿರು ಪ್ಲಾಸ್ಟಿಕ್ ಗಾರ್ಡನ್ ಮೆಶ್, ಶೇಡ್ ನೆಟ್ ಇವುಗಳನ್ನು ನೆಲದಡಿ ಹಾಕುವುದು ದಂಡ. ಪ್ಲಾಸ್ಟಿಕ್, ಮರ, ತೆಳು ಅಲ್ಯೂಮಿನಿಯಂ ಮೂರನ್ನೂ ಹೆಗ್ಗಣದ ಹಲ್ಲು ಕತ್ತರಿಸಬಲ್ಲದು. ಕೇಳಬೇಕಾದದ್ದು ಅರ್ಧ ಇಂಚಿನ, ಚೌಕ ಕಣ್ಣಿನ, ಜಿ.ಐ. ಅಂದರೆ ಸತು ಲೇಪಿಸಿದ ಕಬ್ಬಿಣದ ವೆಲ್ಡ್ ಮೆಶ್. ಅರ್ಧ ಇಂಚು ಅಂದರೆ ಸುಮಾರು 12 ಮಿಲಿಮೀಟರ್. ಹೆಗ್ಗಣದ ಮರಿಯನ್ನೂ ಇದು ತಡೆಯುತ್ತದೆ. ಸಣ್ಣ ಚಿಟ್ಟಿಲಿಯನ್ನೂ ತಡೆಯಬೇಕೆಂದರೆ ಕಾಲು ಇಂಚಿನದು, ಅಂದರೆ 6 ಮಿಲಿಮೀಟರ್ ಬೇಕು. ಕೈತೋಟದ ನೆಲದಡಿಗೆ ಅಷ್ಟು ಸಣ್ಣ ಕಣ್ಣು ಬೇಕಾಗುವುದು ಅಪರೂಪ. ಒಂದು ಇಂಚಿನ ಕಣ್ಣು ಮಾತ್ರ ಬೇಡವೇ ಬೇಡ.

ತಂತಿಯ ದಪ್ಪದಲ್ಲಿ ಗಿರಾಕಿ ಮೋಸ ಹೋಗುವುದು ಸುಲಭ. 19 ಗೇಜಿನ ತಂತಿ ಸುಮಾರು 1 ಮಿಲಿಮೀಟರ್ ದಪ್ಪ, 22 ಗೇಜಿನದು 0.7 ಮಿಲಿಮೀಟರ್. ಸುರುಳಿ ಸುತ್ತಿಟ್ಟಿದ್ದಾಗ ಕಣ್ಣಿಗೆ ಎರಡೂ ಒಂದೇ. ಮಣ್ಣಿನಲ್ಲಿ ಮಾತ್ರ 22 ಗೇಜು ಬೇಗ ತುಕ್ಕು ತಿಂದು ಪುಡಿಯಾಗುತ್ತದೆ. ಗುರುತಿಸಲು ತೂಕವೇ ನಂಬಿಕೆಯ ದಾರಿ. ಅರ್ಧ ಇಂಚಿನ ಕಣ್ಣಿನ ಮೆಶ್‌ನಲ್ಲಿ ಒಂದು ಚದರ ಮೀಟರ್‌ಗೆ ಉದ್ದ ಅಡ್ಡ ಸೇರಿ 160 ಮೀಟರ್ ತಂತಿ ಇರುತ್ತದೆ. ಅದು 19 ಗೇಜ್ ಆಗಿದ್ದರೆ ಸುಮಾರು ಒಂದು ಕಿಲೋ ತೂಗಬೇಕು, 22 ಆಗಿದ್ದರೆ ಅರ್ಧ ಕಿಲೋ ಅಷ್ಟೇ. ಹಾಗಾಗಿ 3 ಅಡಿ ಅಗಲ, 50 ಅಡಿ ಉದ್ದದ ಪೂರ್ತಿ ಸುರುಳಿ 14 ಕಿಲೋ ಆಸುಪಾಸಿನಲ್ಲಿರಬೇಕು. ತಕ್ಕಡಿಗೆ ಹಾಕಿಸಿ. ಏಳೆಂಟು ಕಿಲೋ ಬಂದರೆ ಬೆಲೆ ಎಷ್ಟು ಕಮ್ಮಿ ಇದ್ದರೂ ವಾಪಸ್ ಇಡಿ. ಬೆಲೆ ಹೋಲಿಸುವಾಗಲೂ ಅಡಿ ಲೆಕ್ಕದಲ್ಲಿ ಹೋಲಿಸದೆ ಕಿಲೋ ಲೆಕ್ಕದಲ್ಲಿ ಹೋಲಿಸುವುದು ಒಳ್ಳೆಯದು. 16 ಗೇಜ್ ಇನ್ನೂ ಗಟ್ಟಿ, ಚದರ ಮೀಟರ್‌ಗೆ ಎರಡೂವರೆ ಕಿಲೋ ಮೀರುತ್ತದೆ. ಆದರೆ ಕೈಯಲ್ಲಿ ಬಗ್ಗಿಸುವುದು ಕಷ್ಟ, ಬೆಲೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಮನೆಯ ತೋಟಕ್ಕೆ 19 ಸಾಕು.

ಇನ್ನೊಂದು ವ್ಯತ್ಯಾಸ ಸತುವಿನದು. ಮೊದಲೇ ಸತು ಲೇಪಿಸಿದ ತಂತಿಯನ್ನು ಆಮೇಲೆ ಬೆಸೆದರೆ ಪ್ರತಿ ಬೆಸುಗೆಯ ಜಾಗದಲ್ಲೂ ಲೇಪನ ಸುಟ್ಟಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಬೆಸೆದ ಮೇಲೆ ಇಡೀ ಹಾಳೆಯನ್ನು ಕರಗಿದ ಸತುವಿನಲ್ಲಿ ಅದ್ದಿದ್ದರೆ ಮೂಲೆಗಳಲ್ಲಿ ಸತು ಸ್ವಲ್ಪ ತುಂಬಿಕೊಂಡು, ಮೇಲ್ಮೈ ತುಸು ಒರಟಾಗಿ, ಬಣ್ಣ ಮಂಕಾಗಿ ಕಾಣುತ್ತದೆ. ಫಳಫಳ ಹೊಳೆಯುವುದಕ್ಕಿಂತ ಈ ಮಂಕು ಬಣ್ಣದ್ದೇ ನೆಲದಡಿ ಹೆಚ್ಚು ವರ್ಷ ಬಾಳುತ್ತದೆ. ಮಳೆ ಜಾಸ್ತಿ ಇರುವ ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಮೆಶ್ ಅಲ್ಲಿಗೆ ಇನ್ನೂ ಸರಿ, ಆದರೆ ಬೆಲೆ ಬೇರೆಯೇ ಮಟ್ಟದ್ದು. ಒಂದೆರಡು ಪಾತಿಗೆ ಹಾಕಬಹುದೇ ಹೊರತು ಇಡೀ ಬೇಲಿಗೆ ಅಲ್ಲ.

ಹೂಳುವ ವಿಧಾನ ಎರಡು. ಸಣ್ಣ ತೋಟವಾದರೆ, ಅಥವಾ ಬಾಡಿಗೆ ಮನೆಯಾದರೆ, ಪಾತಿಯ ತಳಕ್ಕೇ ಮೆಶ್ ಹಾಸುವುದು ಲೇಸು. 8 ಅಡಿಗೆ 4 ಅಡಿಯ ಪಾತಿ ಎಂದಿಟ್ಟುಕೊಳ್ಳಿ. 3 ಅಡಿ ಅಗಲದ ಮೆಶ್‌ನಲ್ಲಿ 9 ಅಡಿ ಉದ್ದದ ಎರಡು ತುಂಡು ಬೇಕು. ಪಾತಿಯ ಮಣ್ಣನ್ನು ಒಂದೂವರೆ ಅಡಿ ಆಳ ತೆಗೆದು, ಕಲ್ಲು, ಗಾಜಿನ ಚೂರು ಆಯ್ದು, ತಳ ಮಟ್ಟ ಮಾಡಿ. ಎರಡು ತುಂಡನ್ನು ನಡುವೆ 6 ಇಂಚು ಒಂದರ ಮೇಲೊಂದು ಬರುವಂತೆ ಹಾಸಿ. ಆಗ ಐದೂವರೆ ಅಡಿ ಅಗಲ ಸಿಗುತ್ತದೆ. ನಾಲ್ಕೂ ಬದಿಯಲ್ಲಿ ಸುಮಾರು ಅರ್ಧ ಅಡಿ ಮೇಲಕ್ಕೆ ಮಡಚಿ, ಪಾತಿಯ ಇಟ್ಟಿಗೆ ಅಥವಾ ಹಲಗೆಯ ಒಳಬದಿಗೆ ಅಂಟಿಕೊಳ್ಳುವಂತೆ ನಿಲ್ಲಿಸಿ. ಪಾತಿಗೆ ಕಟ್ಟೆಯೇ ಇಲ್ಲದಿದ್ದರೆ ಅರ್ಧ ಅಡಿ ಮಡಿಕೆ ಸಾಲದು; ಮೆಶ್‌ನ ಅಂಚು ನೆಲದ ಮಟ್ಟದವರೆಗೂ ಬರುವಷ್ಟು ದೊಡ್ಡ ತುಂಡು ಕತ್ತರಿಸಿಕೊಳ್ಳಬೇಕು. ಜೋಡಣೆಯನ್ನು ಜಿ.ಐ. ಬೈಂಡಿಂಗ್ ವೈರಿನಿಂದ ಪ್ರತಿ ಆರು ಇಂಚಿಗೆ ಒಂದು ಕಟ್ಟು ಹಾಕಿ ಬಿಗಿಯಿರಿ. ಸೆಂಟ್ರಿಂಗ್‌ಗೆ ಬಳಸುವ ಕಪ್ಪು ತಂತಿ ಒಂದೆರಡು ಮಳೆಗಾಲಕ್ಕೆ ತುಕ್ಕು ಹಿಡಿದು ಕಳಚುತ್ತದೆ. ಕಟ್ಟು ಕಳಚಿದ ಜಾಗವನ್ನು ಹೆಗ್ಗಣ ಮೂಗಿನಲ್ಲೇ ಎತ್ತುತ್ತದೆ.

ಹೀಗೆ ಹಾಸಿದ ಪಾತಿಯಲ್ಲಿ ಸೊಪ್ಪು, ಬದನೆ, ಮೆಣಸು, ಕ್ಯಾರೆಟ್, ಗೆಣಸು, ಅರಿಶಿನ ಎಲ್ಲ ಬರುತ್ತದೆ. ಸಣ್ಣ ಬೇರು ಕಣ್ಣಿನಿಂದ ಕೆಳಗಿಳಿಯುತ್ತದೆ, ನೀರು ನಿಲ್ಲುವುದಿಲ್ಲ, ಎರೆಹುಳ ಓಡಾಡುತ್ತದೆ. ನುಗ್ಗೆ, ಪಪ್ಪಾಯಿ, ನಿಂಬೆಯಂಥ ಮರ ಮಾತ್ರ ಅದರ ಮೇಲೆ ನೆಡಬಾರದು. ಬೇರು ದಪ್ಪವಾದಂತೆ ತಂತಿ ಅದನ್ನು ಕುತ್ತಿಗೆ ಹಿಸುಕಿದಂತೆ ಬಿಗಿಯುತ್ತದೆ. ಬಾಳೆ ಮತ್ತು ತೆಂಗಿನ ಸಸಿಗೆ ತಳ ತೆರೆದ ಉಂಗುರ ಸಾಕು. ಗುಂಡಿಯ ಒಳಬದಿಗೆ ಒಂದೂವರೆ ಅಡಿ ಆಳದವರೆಗೆ, ನೆಲದ ಮೇಲೆ ಅರ್ಧ ಅಡಿ ಕಾಣುವಂತೆ ಮೆಶ್ ಸುತ್ತಿ ನಿಲ್ಲಿಸಿ. ಎಳೆ ಬುಡವನ್ನು ಹೆಗ್ಗಣ ಕೊರೆಯುವುದು ಪಕ್ಕದಿಂದಲೇ. ಪಾತಿ ಅಗೆಯುವಾಗ ಸನಿಕೆ, ಪಿಕಾಸಿ ಮೆಶ್‌ಗೆ ತಾಗದ ಹಾಗೆ ಆಳ ನೆನಪಿರಲಿ. ಒಂದು ಏಟಿಗೆ ಎರಡು ಬೆಸುಗೆ ಬಿಟ್ಟರೆ ಅಲ್ಲಿ ಒಂದು ಇಂಚಿನ ತೂತು.

ಎರಡನೆಯ ವಿಧಾನ ತೋಟದ ಸುತ್ತ ಹೂಳುವುದು. 3 ಅಡಿ ಅಗಲದ ಸುರುಳಿ ಇದಕ್ಕೆ ಸರಿಯಾಗಿ ಒದಗುತ್ತದೆ: ನೆಲದ ಮೇಲೆ 15 ಸೆಂಟಿಮೀಟರ್, ನೆಲದೊಳಗೆ 45, ತಳದಲ್ಲಿ ಹೊರಕ್ಕೆ ಮಡಚಿದ ಪಾದ 30. ಪಾದ ಹೊರಗಡೆಗೇ ಇರಬೇಕು. ಹೆಗ್ಗಣ ಅಡ್ಡಿಯ ಬುಡಕ್ಕೆ ಬಂದು ಅಲ್ಲೇ ನೇರ ಕೆಳಗೆ ತೋಡುತ್ತದೆ. ಪಾದಕ್ಕೆ ತಾಗಿದಾಗ ಪಕ್ಕಕ್ಕೆ ಸರಿದು ಮತ್ತೆ ಬುಡದಲ್ಲೇ ಪ್ರಯತ್ನಿಸುತ್ತದೆ. ಒಂದು ಅಡಿ ಹಿಂದೆ ಸರಿದು ಅಲ್ಲಿಂದ ಹೊಸದಾಗಿ ತೋಡುವುದಿಲ್ಲ. ಪಾದವನ್ನು ಒಳಕ್ಕೆ ಮಡಚಿ ಹೂತರೆ ಪ್ರಾಣಿ ಅದರ ಅಂಚಿನ ಕೆಳಗೇ ಇಳಿದು ಒಳಗೆ ಏಳುತ್ತದೆ, ಖರ್ಚೆಲ್ಲ ನೀರುಪಾಲು. ಆಳುಗಳಿಗೆ ಕೆಲಸ ಒಪ್ಪಿಸಿದಾಗ ಹೆಚ್ಚಾಗಿ ತಪ್ಪುವುದು ಇದೇ. ಮಣ್ಣು ಮುಚ್ಚುವ ಮೊದಲು ನಿಂತು ನೋಡಿ.

ಒಂದೂವರೆ ಅಡಿ ಆಳ, ಒಂದು ಅಡಿ ಅಗಲದ ಕಾಲುವೆ 10 ಮೀಟರ್ ಉದ್ದ ತೋಡುವುದು ಮೆತ್ತಗಿನ ಕೆಂಪು ಮಣ್ಣಿನಲ್ಲಿ ಒಬ್ಬ ಆಳಿನ ಒಂದು ದಿನದ ಕೆಲಸ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಬಿದ್ದು ನೆಲ ಹದವಾದಾಗ ಮಾಡಿಸಿದರೆ ಕೂಲಿಯೂ ಉಳಿಯುತ್ತದೆ, ಮುಂಗಾರಿಗೆ ಮಣ್ಣು ಚೆನ್ನಾಗಿ ಕೂರುತ್ತದೆ. ಕಲ್ಲು ನೆಲದಲ್ಲಿ ಆಳ ಹೋಗಲಾಗದಿದ್ದರೆ ಎರಡು ಅಡಿ ಅಗಲದ ಮೆಶ್ಶನ್ನು ಬೇಲಿಯ ಬುಡದಿಂದ ಹೊರಕ್ಕೆ ನೆಲದ ಮೇಲೇ ಮಲಗಿಸಿ, ಅಡಿಗೊಂದರಂತೆ ಬಗ್ಗಿಸಿದ ಕಬ್ಬಿಣದ ಕಡ್ಡಿ ಹೊಡೆದು, ಎರಡು ಇಂಚು ಜಲ್ಲಿ ಹರಡಬಹುದು. ಉತ್ತರ ಕರ್ನಾಟಕದ ಎರೆ ಮಣ್ಣಿಗೆ ಸುತ್ತ ಹೂಳುವ ವಿಧಾನವನ್ನು ನಾವು ಹೇಳುವುದಿಲ್ಲ. ಬೇಸಿಗೆಯಲ್ಲಿ ಆ ನೆಲ ಬಿರಿದಾಗ ಬಿರುಕು ಮೆಶ್‌ಗಿಂತ ಆಳಕ್ಕೆ ಇಳಿಯುತ್ತದೆ, ಇಲಿಗೆ ತೋಡುವ ಶ್ರಮವೂ ಇರುವುದಿಲ್ಲ. ಅಲ್ಲಿ ಪಾತಿಯ ತಳಕ್ಕೆ ಹಾಸುವುದೊಂದೇ ನಿಲ್ಲುತ್ತದೆ.

ಕತ್ತರಿಸಿದ ಅಂಚಿನಲ್ಲಿ ಸತು ಇರುವುದಿಲ್ಲ. ಪೇಂಟ್ ಅಂಗಡಿಯಲ್ಲಿ ಸಿಗುವ ಸತುವಿನ ಪ್ರೈಮರ್ ಅಥವಾ ಡಾಂಬರು ಪೇಂಟನ್ನು ಅಂಚಿಗೆ ಒಂದು ಸಲ ಹಚ್ಚಿ ಒಣಗಿಸಿ ಹೂಳಿ. ತುದಿಗಳು ಬ್ಲೇಡಿನಂತೆ ಇರುವುದರಿಂದ ಚರ್ಮದ ಕೈಗವಸು ಬೇಕು. ಅದಕ್ಕಿಂತ ಮುಖ್ಯ, ಬಿಲದ ಮಣ್ಣು ಮುಟ್ಟುವಾಗ ಕೈಗವಸು, ಕಾಲಿಗೆ ಗಮ್‌ಬೂಟು ಇರಲಿ. ಹೆಗ್ಗಣದ ಮೂತ್ರ ಸೇರಿದ ಹಸಿ ಮಣ್ಣಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರ ಬರುತ್ತದೆ.

ಕಾಂಪೌಂಡ್ ಇರುವ ಮನೆಯವರು

ಸೈಟಿಗೆ ಒಳ್ಳೆಯ ತಳಪಾಯದ ಕಾಂಪೌಂಡ್ ಗೋಡೆ ಇದ್ದರೆ ಸುತ್ತ ಮೆಶ್ ಹೂಳುವ ಅಗತ್ಯವೇ ಬಾರದಿರಬಹುದು. ಬೆಂಗಳೂರು, ಮೈಸೂರಿನಂಥ ಊರಿನಲ್ಲಿ ಹೆಗ್ಗಣ ಬರುವುದು ರಸ್ತೆಯ ಚರಂಡಿಯಿಂದ, ಮಳೆನೀರು ಹೊರಹೋಗಲು ಗೋಡೆಯಲ್ಲಿ ಬಿಟ್ಟ ಪೈಪಿನ ಮೂಲಕ. ನಾಲ್ಕು ಇಂಚಿನ ಪಿ.ವಿ.ಸಿ. ಪೈಪು ಅದಕ್ಕೆ ರಾಜಮಾರ್ಗ. ಇದಕ್ಕೆ ಒಂದು ಅಡಿ ಚೌಕದ ಮೆಶ್ ತುಂಡು ಸಾಕು: ಬಟ್ಟಲಿನಂತೆ ಬಗ್ಗಿಸಿ ಪೈಪಿನ ಹೊರಬಾಯಿಗೆ ತೊಡಿಸಿ, ಸ್ಟೀಲ್ ಹೋಸ್ ಕ್ಲಿಪ್ಪಿನಿಂದ ಬಿಗಿಯಿರಿ. ಪೈಪಿನ ಬಾಯಿಗೆ ಸಮವಾಗಿ ಚಪ್ಪಟೆ ಇಟ್ಟರೆ ಮೊದಲ ಮಳೆಗೇ ಎಲೆ ಕಟ್ಟಿ ಅಂಗಳದಲ್ಲಿ ನೀರು ನಿಲ್ಲುತ್ತದೆ. ಬಟ್ಟಲಾಗಿದ್ದರೆ ಪಕ್ಕದಿಂದ ನೀರು ಹೋಗುತ್ತದೆ. ಸ್ನಾನದ ಮನೆಯ ನೆಲಕ್ಕೆ ಮಾರುವ ಪ್ಲಾಸ್ಟಿಕ್ ಜಾಲಿ ಇಲ್ಲಿ ಉಪಯೋಗಕ್ಕಿಲ್ಲ, ಕಡಿದು ಹಾಕುತ್ತದೆ.

ಗೇಟಿನ ಕೆಳಗಿನ ಸಂದು ಇನ್ನೊಂದು ದಾರಿ. ಅರ್ಧ ಇಂಚಿಗಿಂತ ಹೆಚ್ಚು ಬೆಳಕು ಕಾಣುತ್ತಿದ್ದರೆ ವೆಲ್ಡಿಂಗ್ ಅಂಗಡಿಯವರಿಂದ ಕಬ್ಬಿಣದ ಪಟ್ಟಿ ಹಾಕಿಸಿ. ಗೇಟಿನಡಿಯ ನೆಲ ಮಣ್ಣಾಗಿದ್ದರೆ ಒಂದು ಅಡಿ ಆಳದ ಕಾಂಕ್ರೀಟ್ ಹೊಸ್ತಿಲು ಬೇಕು. ರಬ್ಬರ್ ಪಟ್ಟಿ ಜಿರಲೆಗಷ್ಟೇ ಸರಿ. ಹಳೆಯ ಸೈಜುಗಲ್ಲಿನ ಗೋಡೆಯಲ್ಲಿ ಗಾರೆ ಉದುರಿದ ಸಂದುಗಳಿಗೆ ಮೆಶ್ ತುಣುಕು ತುರುಕಿ ಅದರ ಮೇಲೆ ಸಿಮೆಂಟ್ ಮೆತ್ತಬೇಕು. ಬರೀ ಸಿಮೆಂಟ್ ಹಸಿ ಇರುವಾಗಲೇ ಕೆರೆದು ಹಾಕುತ್ತದೆ.

ಹಿಂಡಿ, ಎಣ್ಣೆ, ವಾಸನೆ

ಬೇವಿನ ಹಿಂಡಿಯ ಚೀಲದ ಮೇಲೆ ಇಲಿ ಹೆಗ್ಗಣ ಓಡಿಸುತ್ತದೆ ಎಂದು ಬರೆದಿರುವುದುಂಟು. ಚದರ ಮೀಟರ್‌ಗೆ 100ರಿಂದ 200 ಗ್ರಾಂನಂತೆ ಮಣ್ಣಿಗೆ ಬೆರೆಸಿದರೆ ಗಿಡಕ್ಕೆ ಸಾರಜನಕ ಸಿಗುತ್ತದೆ, ಬೇರುಗಂಟಿನ ಜಂತುಹುಳು ಹತೋಟಿಗೆ ಬರುತ್ತದೆ. ಅದಕ್ಕಾಗಿ ಕೊಳ್ಳಿ. ಹೆಗ್ಗಣ ಅದರ ಘಾಟಿಗೆ ಕೆಲವು ದಿನ ಆ ಪಾತಿ ಬಿಟ್ಟು ಪಕ್ಕದ ಪಾತಿಗೆ ಹೋಗಬಹುದು. ಎರಡು ಜೋರು ಮಳೆಗೆ ಘಾಟು ಇಳಿದ ಮೇಲೆ ವಾಪಸ್. ಹೊಂಗೆ ಹಿಂಡಿಯದೂ ಇದೇ ಕಥೆ. ಕಡಲೆಕಾಯಿ ಹಿಂಡಿ ಮಾತ್ರ ಹೆಗ್ಗಣ ಇರುವ ತೋಟಕ್ಕೆ ಹಾಕಲೇಬಾರದು. ಗೊಬ್ಬರವಾಗಿ ಅದು ಚೆನ್ನ, ಆದರೆ ಹೆಗ್ಗಣಕ್ಕೆ ಅದು ಔತಣ. ಬೋನಿಗೆ ಕಟ್ಟುವ ತಿಂಡಿಯನ್ನೇ ಪಾತಿಗೆ ಬೆರೆಸಿದ ಹಾಗಾಗುತ್ತದೆ. ಬೇವಿನ ಹಿಂಡಿ, ಕಡಲೆ ಹಿಂಡಿ ಬೆರೆಸಿದ ಮಿಶ್ರ ಗೊಬ್ಬರವೂ ಅಂಗಡಿಯಲ್ಲಿದೆ. ಚೀಲದ ಹಿಂದೆ ಬರೆದಿರುವುದನ್ನು ಓದಿ ಕೊಳ್ಳಿ.

ಹರಳು ಹಿಂಡಿಯ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಹರಳು ಬೀಜದಲ್ಲಿರುವ ರೈಸಿನ್ ಎಂಬ ವಿಷ ಎಣ್ಣೆ ತೆಗೆದ ಮೇಲೆ ಹಿಂಡಿಯಲ್ಲಿ ಉಳಿಯುತ್ತದೆ, ಎಣ್ಣೆಗೆ ಬರುವುದಿಲ್ಲ. ಸರಿಯಾಗಿ ಬಿಸಿ ಮಾಡಿ ವಿಷ ಕಳೆಯದ ಹಿಂಡಿಯನ್ನು ನಾಯಿ, ದನ, ಕೋಳಿ ತಿಂದರೆ ಜೀವಕ್ಕೆ ಅಪಾಯ. ಮೂಳೆಪುಡಿ ಬೆರೆಸಿದ್ದರಂತೂ ನಾಯಿ ಹುಡುಕಿಕೊಂಡು ಬಂದು ತಿನ್ನುತ್ತದೆ. ನಾಯಿ ಇರುವ ಮನೆಯಲ್ಲಿ, ಮಕ್ಕಳು ಮಣ್ಣಾಡುವ ಅಂಗಳದಲ್ಲಿ ಇದು ಬೇಡ. ಸಾವಯವ ಎಂದು ಚೀಲದ ಮೇಲೆ ಬರೆದ ಮಾತ್ರಕ್ಕೆ ನಿರಪಾಯ ಆಗುವುದಿಲ್ಲ.

ಎಣ್ಣೆಯನ್ನು ಬಳಸಬಹುದು. ಗಾಣದ ಹರಳೆಣ್ಣೆ 100 ಮಿಲಿಲೀಟರ್, ಪಾತ್ರೆ ತೊಳೆಯುವ ದ್ರವ ಎರಡು ಚಮಚ, ಇವೆರಡನ್ನೂ ಹಾಲಿನ ಬಣ್ಣಕ್ಕೆ ತಿರುಗುವವರೆಗೆ ಕಡೆದು, ಆಮೇಲೆ 5 ಲೀಟರ್ ನೀರಿಗೆ ಸುರಿಯಬೇಕು. ಎಣ್ಣೆಯನ್ನು ನೇರ ನೀರಿಗೆ ಹಾಕಿದರೆ ಮೇಲೆ ತೇಲುತ್ತದೆ, ಬಿಲದ ಒಳಗೆ ಬರೀ ನೀರು ಹೋಗುತ್ತದೆ. ಖಾಲಿ ಎಂದು ಖಚಿತವಾದ, ಮುಚ್ಚಬೇಕೆಂದಿರುವ ಬಿಲದ ಬಾಯಿಯ ಮಣ್ಣಿಗೆ ಲೀಟರಿನಷ್ಟು ಸುರಿದು ಕಲ್ಲು, ಮಣ್ಣು ತುಂಬಿ ದಮ್ಮಸ್ಸು ಹೊಡೆದರೆ ಹಳೆಯ ಬಾಯಿಯನ್ನೇ ಮತ್ತೆ ತೆರೆಯುವುದು ಕಮ್ಮಿಯಾಗುತ್ತದೆ. ಉಪಯೋಗ ಅಷ್ಟಕ್ಕೆ. ವಿದೇಶಿ ಬಾಟಲಿಗಳ ಮೇಲೆ ಹರಳೆಣ್ಣೆ ಪರೀಕ್ಷೆಯಲ್ಲಿ ಗೆದ್ದಿದೆ ಎಂದು ಬರೆದಿರುವುದು ಅಮೆರಿಕದ ಮೋಲ್ ಎಂಬ ಪ್ರಾಣಿಯ ಮಾತು. ಅದು ಎರೆಹುಳ ತಿಂದು ಬದುಕುವಂಥದ್ದು, ದಂಶಕವೇ ಅಲ್ಲ. ಗೆಡ್ಡೆ, ಅನ್ನ ಹುಡುಕಿ ಬರುವ ನಮ್ಮ ಹೆಗ್ಗಣಕ್ಕೆ ಆ ಫಲಿತಾಂಶ ಹೊಂದುವುದಿಲ್ಲ.

ಬೆಳ್ಳುಳ್ಳಿ, ಖಾರದ ಪುಡಿ, ಪುದೀನ ಎಣ್ಣೆ ಒಂದು ಮಳೆಯ ಮಾತು. ನುಸಿಗುಳಿಗೆಯನ್ನು ಬಿಲಕ್ಕೆ ಹಾಕುವ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಅದು ನ್ಯಾಫ್ತಲೀನ್, ನೈಸರ್ಗಿಕವೂ ಅಲ್ಲ, ತರಕಾರಿ ಬೆಳೆಯುವ ಮಣ್ಣಿಗೆ ಸೇರಬೇಕಾದದ್ದೂ ಅಲ್ಲ.

ಸೋಲಾರ್ ಕಡ್ಡಿ

ನೆಲಕ್ಕೆ ಚುಚ್ಚಿದರೆ ಅರ್ಧ ನಿಮಿಷಕ್ಕೊಮ್ಮೆ ಗುಂಯ್ ಎಂದು ಕಂಪಿಸುವ ಕಡ್ಡಿ, ಅಥವಾ ಕಿವಿಗೆ ಕೇಳಿಸದ ಅಲ್ಟ್ರಾಸಾನಿಕ್ ಶಬ್ದ ಬಿಡುವ ಪೆಟ್ಟಿಗೆ: ಎರಡನ್ನೂ ಕೊಳ್ಳಬೇಡಿ. ಅಲ್ಟ್ರಾಸಾನಿಕ್ ಶಬ್ದ ಮಣ್ಣಿನೊಳಗೆ ಹೋಗುವುದಿಲ್ಲ. ಗಾಳಿಯಲ್ಲೂ ಸ್ವಲ್ಪ ದೂರಕ್ಕೇ ಕ್ಷೀಣಿಸುತ್ತದೆ, ಒಂದು ಎಲೆಮರೆ, ಒಂದು ಇಟ್ಟಿಗೆ ಸಾಕು ತಡೆಯಲು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥ ಪೆಟ್ಟಿಗೆ ಮಾಡುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ, ನಿಮ್ಮ ಹೇಳಿಕೆಗೆ ವೈಜ್ಞಾನಿಕ ಆಧಾರ ಬೇಕು ಎಂದು ಎಚ್ಚರಿಕೆಯ ಪತ್ರ ಬರೆದಿತ್ತು. ಇನ್ನು ಕಂಪನದ ಕಡ್ಡಿ. ಲಾರಿ ಓಡುವ ರಸ್ತೆಯ ಚರಂಡಿಯಲ್ಲಿ, ರೈಲ್ವೆ ನಿಲ್ದಾಣದ ಹಳಿಯ ಪಕ್ಕದಲ್ಲಿ ಸಂಸಾರ ಮಾಡುವ ಪ್ರಾಣಿ ಇಷ್ಟು ಸಣ್ಣ ಗುಂಯ್‌ಗುಡುವಿಕೆಗೆ ಮನೆ ಬಿಡುತ್ತದೆ ಎಂದು ನಂಬಲು ಯಾವ ಕಾರಣವೂ ಇಲ್ಲ. ಹೆಗ್ಗಣದ ಹಾವಳಿ ಹೆಚ್ಚುವುದು ಮಳೆಗಾಲದಲ್ಲಿ, ಚರಂಡಿ ತುಂಬಿ ಅವು ಮೇಲೆ ಬಂದಾಗ. ಮೋಡ ಕವಿದ ಆ ದಿನಗಳಲ್ಲೇ ಇದರ ಬ್ಯಾಟರಿಯೂ ಸರಿಯಾಗಿ ಚಾರ್ಜ್ ಆಗುವುದಿಲ್ಲ.

ಬೋನು, ಅಂಟು, ಗೂಬೆ

ಬೋನಿಗೆ ಒಂದೇ ಒಂದು ಒಳ್ಳೆಯ ಕೆಲಸ ಇದೆ: ಮೆಶ್ ಹೂತ ಮೇಲೆ ಒಳಗೇ ಉಳಿದುಹೋದ ಹೆಗ್ಗಣವನ್ನು ಹೊರಗೆ ತರುವುದು. ಮೆಶ್ ಇಲ್ಲದ ತೋಟದಲ್ಲಿ ಒಂದು ಹಿಡಿದರೆ ಆ ಬಿಲಕ್ಕೆ ಮತ್ತೊಂದು ಬರುತ್ತದೆ. ದಿನಸಿ ಅಂಗಡಿಯಲ್ಲಿ ಸಿಗುವ ಚಿಕ್ಕ ಬೋನು ಮನೆ ಇಲಿಯದು. ಹೆಗ್ಗಣಕ್ಕೆ ಒಂದೂವರೆ ಅಡಿ ಉದ್ದ, ಏಳೆಂಟು ಇಂಚು ಎತ್ತರ, ಹೆಬ್ಬೆರಳಿನಲ್ಲಿ ಒತ್ತಿದರೆ ಬಗ್ಗದ ತಂತಿ ಇರುವಂಥದ್ದು ಬೇಕು. ಬಾಗಿಲು ಬಿದ್ದ ಮೇಲೆ ತಾನಾಗಿ ಚಿಲಕ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಬೋರಲು ಹಾಕಿ ನೋಡಿ. ಹಲವು ಬೋನುಗಳಲ್ಲಿ ಹೆಗ್ಗಣ ಒಳಗೆ ಹೊರಳಾಡಿ ಬೋನನ್ನೇ ಮಗುಚಿದಾಗ ಬಾಗಿಲು ತೆರೆದುಕೊಳ್ಳುತ್ತದೆ.

ಹೊಸ ವಸ್ತು ಕಂಡರೆ ಹೆಗ್ಗಣ ಹತ್ತಿರ ಬರುವುದಿಲ್ಲ. ಆದ್ದರಿಂದ ಮೊದಲ ಮೂರು ನಾಲ್ಕು ರಾತ್ರಿ ಬಾಗಿಲನ್ನು ದಾರದಿಂದ ಕಟ್ಟಿ ತೆರೆದೇ ಇಟ್ಟು, ಒಳಗೆ ಸುಟ್ಟ ಕೊಬ್ಬರಿ, ಒಣಮೀನು ಅಥವಾ ಮಸಾಲೆ ವಡೆಯ ಚೂರು ಇಡಿ. ತಿಂಡಿ ಖಾಲಿಯಾಗತೊಡಗಿದ ಮೇಲೆ ದಾರ ಬಿಚ್ಚಿ. ಬೋನನ್ನು ಗೋಡೆಯ ಉದ್ದಕ್ಕೆ, ಬಾಯಿ ಅದು ಓಡಾಡುವ ದಿಕ್ಕಿಗೆ ಬರುವಂತೆ ಇಟ್ಟು ಮೇಲೆ ಗೋಣಿಚೀಲ ಹೊದಿಸಿ. ಬಿಸಿಲೇರುವ ಮೊದಲೇ ನೋಡಬೇಕು. ಸಿಕ್ಕಿದ್ದನ್ನು ಹತ್ತು ಮೈಲಿ ಆಚೆ ಬಿಟ್ಟು ಬರುವುದು ದಯೆಯಂತೆ ಕಂಡರೂ ಅಪರಿಚಿತ ಜಾಗದಲ್ಲಿ ಅದು ಬದುಕುವುದು ಕಷ್ಟ, ಬದುಕಿದರೆ ಅಲ್ಲಿಯವರಿಗೆ ಕಾಟ. ತಡೆ ಗಟ್ಟಿಯಾಗಿದ್ದರೆ ಅದು ಬಂದ ಚರಂಡಿಯ ಕಡೆಗೇ, ಮೆಶ್‌ನ ಹೊರಗೆ ಬಿಟ್ಟರೆ ಸಾಕು.

ಅಂಟಿನ ಹಲಗೆಯನ್ನು ಮನೆಗೆ ತರಬೇಡಿ. ಅದರಲ್ಲಿ ಸಿಕ್ಕಿದ ಪ್ರಾಣಿ ಚರ್ಮ ಹರಿದುಕೊಂಡು ಗಂಟೆಗಟ್ಟಲೆ ನರಳಿ ಸಾಯುತ್ತದೆ. ತೋಟದಲ್ಲಿ ಇಟ್ಟರೆ ಓತಿಕೇತ, ಕಪ್ಪೆ, ಗುಬ್ಬಿ, ಹಾವಿನ ಮರಿ ಎಲ್ಲ ಅಂಟುತ್ತವೆ. ದೊಡ್ಡ ಹೆಗ್ಗಣ ಹಲವು ಸಲ ಹಲಗೆ ಸಮೇತ ಓಡುತ್ತದೆ. ಇದರ ಬಳಕೆ ನಿಲ್ಲಿಸುವಂತೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ.

ಗೂಬೆಯ ಪೆಟ್ಟಿಗೆ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಕಣಜ ಗೂಬೆಯ ಆಹಾರದಲ್ಲಿ ದೊಡ್ಡ ಪಾಲು ಇಲಿಯೇ ಎಂಬುದು ನಿಜ. ಮಲೇಷ್ಯಾದ ತಾಳೆ ತೋಟಗಳಲ್ಲಿ ಇಂಥ ಪೆಟ್ಟಿಗೆ ಇಟ್ಟು ಇಲಿ ಹತೋಟಿಗೆ ಬಳಸುತ್ತಾರೆ. ಆದರೆ ಅದು ಎಕರೆಗಟ್ಟಲೆ ಜಾಗದ ಲೆಕ್ಕ. ಮೂವತ್ತು ನಲವತ್ತರ ಸೈಟಿಗೆ ಪೆಟ್ಟಿಗೆ ತಂದು ಉಪಯೋಗವಿಲ್ಲ. ಗದ್ದೆ, ಅಡಿಕೆ ತೋಟ ಇರುವವರು ಎಂಟು ಹತ್ತು ಅಡಿ ಎತ್ತರದ ಬಿದಿರಿನ ಕಂಬಕ್ಕೆ ಅಡ್ಡಪಟ್ಟಿ ಕಟ್ಟಿ ಅಲ್ಲಲ್ಲಿ ನೆಟ್ಟರೆ ಗೂಬೆಗೆ ಕೂತು ಬೇಟೆಯಾಡಲು ಅನುಕೂಲ. ಇದಕ್ಕೆ ಖರ್ಚೂ ಇಲ್ಲ. ಕೇರೆ ಹಾವು ತೋಟದಲ್ಲಿ ಕಂಡರೆ ಅದರ ಪಾಡಿಗೆ ಬಿಡಿ. ಅದಕ್ಕೆ ವಿಷವಿಲ್ಲ, ಹೆಗ್ಗಣದ ಮರಿಗಳನ್ನು ಹುಡುಕಿ ತಿನ್ನುವುದು ಅದೇ. ಗೂಬೆ, ಕೇರೆ ಎರಡಕ್ಕೂ ದೊಡ್ಡ ಶತ್ರು ಬ್ರೊಮಾಡಿಯೋಲೋನ್ ಎಂಬ ಇಲಿವಿಷದ ಕೇಕು. ಅದನ್ನು ತಿಂದ ಇಲಿ ತಕ್ಷಣ ಸಾಯದೆ ಕೆಲವು ದಿನ ಮಂಕಾಗಿ ಓಡಾಡುತ್ತದೆ, ಸುಲಭವಾಗಿ ಸಿಗುವ ಆ ಇಲಿಯನ್ನೇ ಇವು ಹಿಡಿದು ತಿನ್ನುತ್ತವೆ.

ಪೆಸ್ಟ್ ಕಂಟ್ರೋಲ್ ಸೇವೆಯವರನ್ನು ಕರೆಸುವುದಾದರೂ ಇದನ್ನೇ ಮೊದಲು ಕೇಳಿ. ವರ್ಷದ ಒಪ್ಪಂದ ಎಂದರೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬಂದು ಪೆಟ್ಟಿಗೆಯಲ್ಲಿ ಆ ಕೇಕು ಇಟ್ಟು ಹೋಗುವುದು. ಯಾವ ಪೈಪು, ಯಾವ ಸಂದು, ಎಷ್ಟು ಅಡಿ ಮೆಶ್ ಎಂದು ತೋಟ ಸುತ್ತಿ ಬರೆದುಕೊಡುವವರು ಸಿಕ್ಕರೆ ಮಾತ್ರ ಒಪ್ಪಿ. ಮೆಶ್‌ನ ಗೇಜು, ಹೂಳುವ ಆಳ, ಪಾದ ಯಾವ ಕಡೆ ಎಂಬುದು ಕೊಟೇಶನ್ನಿನಲ್ಲಿ ಬರೆದಿರಲಿ. ಬಿಲಕ್ಕೆ ಹೊಗೆ ಹಾಕುತ್ತೇವೆ ಎಂದರೆ ಮನೆಯ ಹತ್ತಿರ ಬೇಡವೆನ್ನಿ. ಹೊಲದ ಬದುವಿನಲ್ಲಿ ಅದು ಬಳಕೆಯಲ್ಲಿರುವ ವಿಧಾನ, ಆದರೆ ಹಿತ್ತಲಿನ ಬಿಲದ ಇನ್ನೊಂದು ಬಾಯಿ ಸಂಪಿನ ಗೋಡೆಯ ಪಕ್ಕದಲ್ಲೋ ಅಡುಗೆಮನೆಯ ನೆಲದಡಿಯಲ್ಲೋ ಇರಬಹುದು, ಒಳಗಿರುವ ಕಪ್ಪೆ, ಹಾವು ಕೂಡ ಉಸಿರು ಕಟ್ಟಿ ಸಾಯುತ್ತವೆ.

ಯಾವ ಮೆಶ್ ಹಾಕಿದರೂ ಅನ್ನ ಬೆರೆತ ಕಸವನ್ನು ನೆಲದ ಗುಂಡಿಗೆ ಸುರಿಯುವ ಮನೆಯಲ್ಲಿ ಹೆಗ್ಗಣ ದಾರಿ ಹುಡುಕುತ್ತಲೇ ಇರುತ್ತದೆ. ಕಾಂಪೋಸ್ಟ್ ಗುಂಡಿಯ ತಳಕ್ಕೂ ಬದಿಗೂ ಅದೇ ಅರ್ಧ ಇಂಚಿನ ಮೆಶ್ ಹಾಸಿ, ಮೇಲೆ ಮರದ ಚೌಕಟ್ಟಿಗೆ ಮೆಶ್ ಹೊಡೆದ ಮುಚ್ಚಳ ಇಡಿ. ಉಳಿದ ಅನ್ನ, ಮೀನಿನ ಕಸ, ಕರಿದ ತಿಂಡಿ ಅದಕ್ಕೆ ಹಾಕಬೇಡಿ. ನಾಯಿಗೆ ಇಟ್ಟ ಊಟದ ತಟ್ಟೆ ರಾತ್ರಿ ಹೊರಗೆ ಉಳಿಯಬಾರದು. ಮೆಶ್‌ಗೆ ಒರಗಿಸಿ ಸೌದೆ, ಹಳೆ ಹೆಂಚು, ಮುರಿದ ಕುಂಡ ಪೇರಿಸಿದರೆ ಅದರ ಮರೆಯಲ್ಲಿ ಹೆಗ್ಗಣ ನಿಶ್ಚಿಂತೆಯಿಂದ ತೋಡುತ್ತದೆ, ಮೇಲೆ ಹತ್ತಿ ದಾಟುವುದಕ್ಕೂ ಅದು ಮೆಟ್ಟಿಲು. ಎರಡು ಅಡಿಯಾದರೂ ಜಾಗ ಬಿಡಿ. ಮುಂಗಾರು ಮುಗಿದ ಮೇಲೆ, ಹಿಂಗಾರಿಗೆ ಬಿತ್ತುವ ಮೊದಲು ಒಮ್ಮೆ ಮೆಶ್‌ನ ಉದ್ದಕ್ಕೂ ನಡೆದು ಮಣ್ಣು ಕುಸಿದ ಜಾಗ ತುಂಬಿ, ಪೈಪಿನ ಬಟ್ಟಲಿನಿಂದ ಎಲೆ ತೆಗೆದು, ಹೋಸ್ ಕ್ಲಿಪ್ಪಿನ ಸ್ಕ್ರೂ ಇನ್ನೊಂದು ಸುತ್ತು ಬಿಗಿಯಿರಿ.